ಏಳು ಮನೆಯ ವರ್ಷ

ಧಾರವಾಡ, ಫೆಬ್ರವರಿ ೩೦, ೨೧೯೪

ಪ್ರೀತಿಯ ಶಾಂಭವಿಗೆ, ನಿನ್ನ ಮೊಮ್ಮಗಳ ಮೊಮ್ಮಗಳು ನೀಲಾಂಬಿಕೆ ಮಾಡುವ ನಮಸ್ಕಾರ, ಜೊತೆಗೆ ಆಶೀರ್ವಾದ. ಎರಡನ್ನೂ ತೆಗೆದುಕೋ. ನೀನು ನನ್ನ ಅಜ್ಜಿಯ ಅಜ್ಜಿಯಾದ್ದರಿಂದ ನಮಸ್ಕಾರ. ನನಗೆ ಎಪ್ಪತ್ತು, ನಿನಗೆ ಈಗ ಹದಿನೆಂಟು, ಆದ್ದರಿಂದ ಆಶೀರ್ವಾದ. ತಾರೀಖು ನೋಡಿ ಹುಬ್ಬೇರಿಸಬೇಡ. ಫೆಬ್ರವರಿ ಪಾಪ ಎಷ್ಟು ಕಾಲ ಅರೆಹೊಟ್ಟೆಯಲ್ಲಿ ಇರಬೇಕು ಎಂದು ನಮ್ಮವರು ಅದಕ್ಕೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತುಗಳಲ್ಲಿ ಕೆಲವು ನಿನಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಕ್ಷಮೆ ಇರಲಿ. ನಿನ್ನ ಕನ್ನಡ ಓದುವಾಗ ನನಗೂ ಹಾಗೆಯೇ ಅನ್ನಿಸುತ್ತದೆ.

ನೀನು ಈಗ ಯಾವ ಸಂಕಟದಲ್ಲಿದ್ದೀ ಎಂಬುದು ನನಗೆ ಗೊತ್ತು. ಪಿಯುಸಿ ಮುಗಿದಿದೆ. ಕುಕ್ಕರ್, ಮಿಕ್ಸರ್ ರಿಪೇರಿ ಮಾಡುವ ನಿಮ್ಮಪ್ಪ ಎಲ್ಲೆಲ್ಲೋ ಓಡಾಡಿ ಎಂಜಿನಿಯರಿಂಗ್ ಸೀಟು, ಹಾಸ್ಟೆಲು ಎರಡನ್ನೂ ಗೊತ್ತುಮಾಡಿ ಬಂದಿದ್ದಾರೆ. ನಿನಗೆ ಮಾತ್ರ ಒಂದು ವರ್ಷ ತಡೆದು, ನಾಲ್ಕು ಕಸುಬು ಕಣ್ಣಾರೆ ಕಂಡು, ಆಮೇಲೆ ಏನು ಓದಬೇಕೆಂದು ನಿರ್ಧರಿಸುವ ಆಸೆ. ಪೇಪರಿನಲ್ಲಿ ನೀನು ಓದಿ ತಿಳಿದ ಹುಡುಗಿಯರು ಅಂಥ ವರ್ಷವನ್ನು ಪರದೇಶ ತಿರುಗಿ ಕಳೆಯುತ್ತಾರೆ. ನಿಮ್ಮ ಮನೆಗೆ ಅದು ದೂರದ ಮಾತು. ಅದಕ್ಕೇ ಖರ್ಚಿಲ್ಲದ ದಾರಿಯೊಂದನ್ನು ನೀನು ಕಂಡುಕೊಂಡಿದ್ದೀ. ಹಿಂದಿನ ಕಾಲದಲ್ಲಿ ಬಡ ಹುಡುಗರು ಓದಲು ಊರಿಗೆ ಬಂದು ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದ ವಾರಾನ್ನವನ್ನೇ ತಿರುಗಿಸಿ, ಉಂಡ ಮನೆಯ ಕೆಲಸವನ್ನು ಮಾಡುತ್ತ ಅದನ್ನೇ ಕಲಿಯುವುದು. ಸೋಮವಾರದಿಂದ ರವಿವಾರದವರೆಗೆ ಏಳು ವಾರ, ಏಳು ಮನೆ, ಏಳು ಕಸುಬು. ಮಲಗಲು ಸೋದರತ್ತೆಯ ಮನೆಯ ಅಟ್ಟ. ಎಂಥ ಜಾಣೆ ನೀನು!

ಆ ನಿನ್ನ ಯೋಚನೆ ಇಲ್ಲಿ ಏನಾಗಿದೆ ಕೇಳು. ನಮ್ಮ ಊರಿನ ರಸ್ತೆಗಳ ಮೇಲೆಲ್ಲ ಈಗ ಬಳ್ಳಿಯ ಚಪ್ಪರವಿದೆ. ನಾವು ನೆಳಲುಬೀದಿ ಅನ್ನುತ್ತೇವೆ, ಬೇಸಿಗೆಯಲ್ಲಿ ಅದಿಲ್ಲದೆ ಹೊರಗೆ ಕಾಲಿಡುವಂತಿಲ್ಲ. ಮುಂಗಾರು ಶುರುವಾದ ಕೂಡಲೇ ಆ ಬೀದಿಗಳಲ್ಲಿ ಹದಿನೆಂಟು ತುಂಬಿದ ಮಕ್ಕಳು ಬಗಲಲ್ಲಿ ಒಂದು ತಟ್ಟೆ ಇಟ್ಟುಕೊಂಡು ಓಡಾಡುತ್ತಾರೆ. ಅವರಿಗೆ ವಾರದ ಮಕ್ಕಳು ಎಂದು ಹೆಸರು. ಅವರನ್ನು ನೋಡಿದರೆ ಅಂಗಡಿಯವರು ಸಹ ದಾರಿ ಬಿಡುತ್ತಾರೆ. ಒಂದು ದಿನ ಮಗ್ಗದ ಮನೆ, ಒಂದು ದಿನ ಜೇನಿನವರು, ಇನ್ನೊಂದು ದಿನ ನೀರುಪಾಲಿನವರು, ಅಂದರೆ ಕೆರೆಯ ನೀರನ್ನು ಮನೆಮನೆಗೆ ಹಂಚುವವರು. ಮನೆಯವರು ಏನು ಉಣ್ಣುತ್ತಾರೋ ಮಗುವಿಗೂ ಅದೇ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇದನ್ನು ಮುಗಿಸದೆ ಕಾಲೇಜಿನ ಮೆಟ್ಟಿಲು ಹತ್ತುವವರನ್ನು ಕಂಡರೆ ಜನ ಅಯ್ಯೋ ಅನ್ನುತ್ತಾರೆ.

ನನ್ನ ಮೊಮ್ಮಗಳು ಇಳಾ ಹೋದ ವರ್ಷ ವಾರ ಹಿಡಿದಳು. ಹಟಮಾರಿ, ಯಾರನ್ನೂ ಕೇಳದೆ ಕಸುಬು ನೋಡಿ ಮನೆ ಆರಿಸಿಕೊಂಡಳು. ಸೋಮವಾರದ ಮನೆಯವರದು ಸೋಮವಾರ ಉಪವಾಸ, ಗುರುವಾರದ ಮನೆಯವರದು ಗುರುವಾರ, ಶನಿವಾರದವರದು ಶನಿವಾರ! ಇಷ್ಟು ತಲೆಮಾರು ಕಳೆದರೂ ನಮ್ಮವರ ಉಪವಾಸ ಹೋಗಿಲ್ಲ, ನೋಡು. ಹುಡುಗಿ ಬಾಯಿ ಬಿಡಲು ನಾಚಿ, ವಾರಕ್ಕೆ ಮೂರು ದಿನ ಬಾಳೆಹಣ್ಣು ತಿಂದುಕೊಂಡು ಮಣ್ಣು ತುಳಿದಳು, ನೂಲು ಸುತ್ತಿದಳು. ಕೊನೆಗೆ ಕುಂಬಾರರ ಮನೆಯ ಅವ್ವ ಅವಳ ಮುಖ ನೋಡಿ, "ಯವ್ವಾ, ಹೊಟ್ಟಿಗೆ ಏನರ ತಿಂದೀಯೋ ಇಲ್ಲೋ? ನಮ್ಮ ಉಪಾಸ ನಿನಗ್ಯಾಕ ಬೇಕಿತ್ತು!" ಎಂದು ಬೈದು ವಾರ ಬದಲಿಸಿದಳು. ನೀನೂ ಮೊದಲು ಅವರ ಉಪವಾಸದ ವಾರ ಕೇಳು, ಆಮೇಲೆ ಕಸುಬು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ಮಾತು ಹೇಳಲೇಬೇಕು. ನಮಗೆ ಗೊತ್ತಿರುವ ಕಥೆಯಲ್ಲಿ ನೀನು ಹೋಗಲಿಲ್ಲ. ಏಳು ಮನೆಯವರೂ ಒಪ್ಪಿದ್ದರು, ಅತ್ತೆಯೂ ಒಪ್ಪಿದ್ದಳು. ಅಪ್ಪನನ್ನು ಕೇಳುವುದಷ್ಟೇ ಉಳಿದಿತ್ತು. "ಒಂದು ವರ್ಷ ಮನ್ಯಾಗ ಕುಂತ್ರ ಹುಡುಗಿ ಫೇಲ್ ಆದ್ಲಂತ ತಿಳೀತಾರ ಮಂದಿ" ಎಂದು ಅವರು ಯಾರದೋ ಮಗಳ ಬಗ್ಗೆ ಆಡಿದ ಮಾತು ನಿನ್ನ ಕಿವಿಗೆ ಬಿತ್ತು. ನೀನು ಅಪ್ಪನನ್ನು ಕೇಳಲೇ ಇಲ್ಲ. ರವಿವಾರ ಟ್ರಂಕು ಹಿಡಿದು ಹಾಸ್ಟೆಲಿಗೆ ಹೊರಟುಬಿಟ್ಟೆ. ಓದಿದೆ, ದುಡಿದೆ, ಮಕ್ಕಳನ್ನು ಬೆಳೆಸಿದೆ. ಮುದುಕಿಯಾದ ಮೇಲೆ ನಿನ್ನ ಮೊಮ್ಮಗಳಿಗೆ, ಅಂದರೆ ನನ್ನ ಅಜ್ಜಿಗೆ, ನೀನೇ ಕೋಲೂರಿಕೊಂಡು ಏಳು ಮನೆ ಹುಡುಕಿಕೊಟ್ಟೆ. ಓಣಿಯ ಮಕ್ಕಳು ಅವಳನ್ನು ನೋಡಿ ಕಲಿತರು, ಊರು ಓಣಿಯನ್ನು ನೋಡಿ ಕಲಿಯಿತು.

ಅಜ್ಜಿಗೆ ನೀನೇ ಹೇಳಿದ ಇನ್ನೊಂದು ಮಾತಿದೆ. ನಿಮ್ಮಪ್ಪ ಹಾಸಿಗೆ ಹಿಡಿದಿದ್ದಾಗ ನೀನು ಈ ವಿಷಯ ನಗುತ್ತಲೇ ತೆಗೆದೆಯಂತೆ. ಅವರು, "ಕೇಳಿದ್ರ ಹೂಂ ಅಂತಿದ್ನಲ್ಲವ್ವಾ, ಯಾಕ ಕೇಳಲಿಲ್ಲ?" ಅಂದರಂತೆ. ಇದನ್ನು ಹೇಳುವಾಗಲೆಲ್ಲ ನಮ್ಮಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನಗೂ ಈಗ ಅದೇ ಆಗುತ್ತಿದೆ.

ನಾನು ಈ ಪತ್ರ ಬರೆಯುತ್ತೇನೆಂದಾಗ ಇಳಾ ಹೆದರಿದಳು. "ಆಕಿ ಆಗಲೇ ಏಳು ಮನಿಗೆ ಹೋಗಿಬಿಟ್ರ ಆಕಿ ಕೊರಗು ಉಳಿಯಂಗಿಲ್ಲ, ನಮ್ಮ ವಾರನೂ ಹುಟ್ಟಂಗಿಲ್ಲಲ್ಲ ಅಜ್ಜಿ?" ಅಂದಳು. ನಾನು ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ಹುಟ್ಟದೇ ಹೋಗಬಹುದು. ನಾವೇ ಬೇರೆ ಯಾರೋ ಆಗಿ ಹುಟ್ಟಬಹುದು, ಹುಟ್ಟದೆಯೂ ಇರಬಹುದು. ಬೆಳಿಗ್ಗೆ ಇಳಾಳೇ ಬಂದು ಪಕ್ಕದಲ್ಲಿ ಕೂತು, "ಬರಿ ಅಜ್ಜಿ" ಅಂದಳು. ಊರಿನ ಮಕ್ಕಳೆಲ್ಲ ಉಂಡ ಊಟವನ್ನು ನೀನೊಬ್ಬಳೇ ಉಣ್ಣಲಿಲ್ಲ ಎಂಬುದನ್ನು ನಾವಿಬ್ಬರೂ ಸಹಿಸಲಾರೆವು.

ಶಾಂಭವಿ, ನನ್ನ ಕೂಸೇ, ನಿಮ್ಮಪ್ಪ ಅಂಗಡಿಯಿಂದ ಬಂದು ಕೈಕಾಲು ತೊಳೆದುಕೊಂಡಿರಬೇಕು. ನಮ್ಮ ಚಿಂತೆ ಬಿಡು. ಹೋಗಿ ಅಪ್ಪನನ್ನು ಕೇಳು.