ಹೋತದ ಬಾಲದ ಸುಳ್ಳು ಮೀನು

ಕೈಸರ್ ಸಾಹೇಬ್ರೇ,

ನಿಮ್ಮ ಅಬ್ಬಾನ ಕರ್ಕೊಂಡು ಬರೋಕೆ ಹಿರಿಯೂರು ಬಸ್‌ಸ್ಟ್ಯಾಂಡಿಗೆ ಹೋಗ್ತಿದ್ದೀನಿ. ದುರ್ಗದಿಂದ ಅವರು ಬರ್ತಿರೋದು ನಿಮ್ಮನ್ನ ನೋಡೋಕಲ್ಲ, ಕುರ್ಬಾನಿ ಹೋತ ನೋಡೋಕೆ. ಬಕ್ರೀದ್ ಹಬ್ಬದವರೆಗೂ ಅದರ ಒಂದು ಕೂದಲೂ ಕತ್ತರಿಸಬಾರದು ಅಂತ ನನಗೆ ಪಾಠ ಹೇಳಿದವರು ನೀವೇ. ಈಗ ಅದರ ಬಾಲ ಸವೆದ ಪೊರಕೆ ಥರ ಐತೆ.

ಮೀನು ಹಿಡಿಯೋ ಮೊಬೈಲ್ ವಿಡಿಯೋದಲ್ಲಿ ಜಿಂಕೆ ಬಾಲದ ಕೂದಲು ಬೇಕು ಅಂದ್ರೆ ನಿಮಗೆ ಈ ಹೋತದ ಬಾಲವೇ ಕಾಣ್ಬೇಕಿತ್ತಾ? ಗಾಳದ ಕೊಕ್ಕೆಗೆ ಆ ಕೂದಲು ಸುತ್ತಿ, ನನ್ನ ದುಪಟ್ಟಾದ ಜರಿ ಸೇರಿಸಿ, ನನ್ನದೇ ನೇಲ್ ಪಾಲಿಶ್ ಬಳಿದು ಸುಳ್ಳು ಮೀನು ಮಾಡಿದ್ದೀರಿ. ಚೆಂದ ಐತೆ. ಡ್ಯಾಮಿನ ಮೀನು ಮೋಸ ಹೋಗಬಹುದು, ಅಬ್ಬಾ ಹೋಗಲ್ಲ.

ಅನ್ನ, ಸಾರು ಒಲೆ ಮೇಲೆ ಅವೆ. ಹೋತಕ್ಕೆ ಸೊಪ್ಪು ಹಾಕ್ರಿ, ಹಂಗೇ ಮಾಫಿನೂ ಕೇಳ್ರಿ. ಆಮೇಲೆ ನಾವು ಬರೋದ್ರೊಳಗೆ ಗಾಳ ತಗೊಂಡು ಮಾರಿಕಣಿವೆ ಡ್ಯಾಮ್ ಕಡೆ ಓಡ್ರಿ. ಬಾಲದ ವಿಷಯ ನಾನು ನೋಡ್ಕೊಳ್ತೀನಿ.

ಸುಳ್ಳು ಮೀನಿಗೆ ನೀವು ಹಾಕಿದ ಗಂಟು ಬಿಚ್ಚಿಕೊಳ್ತಿತ್ತು, ಮತ್ತೆ ಬಿಗಿಯಾಗಿ ಕಟ್ಟಿಟ್ಟಿದ್ದೀನಿ. ಬರಿಗೈಲಿ ಬಂದರೂ ಪರವಾಗಿಲ್ಲ. ಹೋದ ಸಲದ ಥರ ಅಂಗಡಿಯಿಂದ ಬಂಗುಡೆ ತಂದು, ಡ್ಯಾಮಲ್ಲಿ ಹಿಡಿದೆ ಅನ್ನಬೇಡ್ರಿ. ಅದು ಸಮುದ್ರದ ಮೀನು ಅಂತ ಗೊತ್ತಿದ್ದೂ ನಿಮ್ಮನ್ನ ಹೊಗಳ್ತಾ ತಿಂದವಳು ನಾನು.

ಸಾಜಿದಾ