ಕಿರುಬೆರಳಿಗೆ ಮಾಚಿಪತ್ರೆಯ ಕಾವು

ತೇಲುಕೇರಿ, ಬಾಗಲಕೋಟೆ ಹಿನ್ನೀರು
೩೦ ಫೆಬ್ರುವರಿ ೨೨೩೧

ನಮಗಿಂತ ಇನ್ನೂರು ವರ್ಷ ಮೊದಲು ಹುಟ್ಟಿದ ಹಿರಿಯರಿಗೆ ನೀಲಾಂಬಿಕೆಯ ನಮಸ್ಕಾರಗಳು.

ತಾರೀಖು ನೋಡಿ ನಕ್ಕಿರಬಹುದು. ನಮ್ಮ ಕಾಲದಲ್ಲಿ ಕ್ಯಾಲೆಂಡರ್ ತಿದ್ದಿ ಫೆಬ್ರುವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನೀವು ಕೇಳರಿಯದ ಪದಗಳು ನಡುವೆ ನುಸುಳಿದರೆ ಮನ್ನಿಸಬೇಕು. ಬಂದಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ತೇಲುಕೇರಿ ಎಂದರೆ ಹಿನ್ನೀರಿನ ಮೇಲೆ ತೇಲುವ ನಮ್ಮ ಓಣಿ. ಸೆಣಬಿನ ನಾರು ಒತ್ತಿ ಮಾಡಿದ ಹಲಗೆಯ ಮನೆಗಳನ್ನು ಒಂದಕ್ಕೊಂದು ಹಗ್ಗದಿಂದ ಬಿಗಿದಿದ್ದಾರೆ. ಗಾಳಿ ಬೀಸಿದರೆ ಇಡೀ ಓಣಿ ತೂಗುತ್ತದೆ. ನಾರಿನ ಮನೆಗಳಾದ್ದರಿಂದ ಇಲ್ಲಿ ಬೆಂಕಿ ಹಚ್ಚುವಂತಿಲ್ಲ. ರೊಟ್ಟಿ ಬೇಯುವುದು ಬಿಸಿಗಲ್ಲಿನ ಮೇಲೆ. ಹಗಲಿನ ಬಿಸಿಲನ್ನು ಒಳಗೆ ಕೂಡಿಟ್ಟುಕೊಳ್ಳುವ ಕಲ್ಲು ಅದು. ಪ್ರತಿ ಮನೆಯ ಸೂರಿನಲ್ಲೂ ಒಂದು ಹೊಗೆಮೂಗು ಇರುತ್ತದೆ. ಹೊಗೆಯ ವಾಸನೆ ಹತ್ತಿದ ಕೂಡಲೇ ಅದು ಓಣಿಗೆಲ್ಲ ಕೇಳುವಂತೆ ಕಿರುಚುತ್ತದೆ. ನನ್ನ ವಯಸ್ಸಿನವರು ಬೆಂಕಿಯನ್ನು ಹತ್ತಿರದಿಂದ ಕಂಡದ್ದೇ ಅಪರೂಪ.

ಮೂರು ವರ್ಷದ ಹಿಂದೆ ನಾನು ಚೊಚ್ಚಲ ಬಸುರಿಯಾಗಿದ್ದೆ. ಎಂಟನೆಯ ತಿಂಗಳಲ್ಲಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಕೂಸು ತಲೆ ಮೇಲೆ ಮಾಡಿ ಕೂತಿದೆ ಎಂದರು. ಹೀಗೇ ಉಳಿದರೆ ಹೊಟ್ಟೆ ಕೊಯ್ದು ತೆಗೆಯಬೇಕಾದೀತು. ಅದೇನೂ ದೊಡ್ಡದಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಆದರೆ ನನ್ನ ಅವ್ವ ಹಾಗೆಯೇ ನನ್ನನ್ನು ಹೆತ್ತು, ರಕ್ತ ನಿಲ್ಲದೆ ಸಾವಿನ ಬಾಗಿಲು ತಟ್ಟಿ ಬಂದವಳು. ನನಗೆ ಅನ್ನ ಸೇರದಾಯಿತು.

ನನ್ನ ಅತ್ತೆ ಕಾಶವ್ವನಿಗೆ ಇದನ್ನು ನೋಡುತ್ತ ಕೂರಲಾಗಲಿಲ್ಲ. ದೋಣಿ ಹತ್ತಿ ಹೋಗಿ ಸೂನಕ್ಕನನ್ನು ಕರೆತಂದರು. ಸೂನಕ್ಕ, ಕೊರಿಯಾದಿಂದ ಬಂದು ಬಾಗಲಕೋಟೆಯಲ್ಲಿ ನೆಲೆಸಿದ ಸೂಜಿಚಿಕಿತ್ಸೆಯವರ ಮರಿಮಗಳು. ನಿಜವಾದ ಹೆಸರು ಸೂನ್‌ಹೀ. ನಾಲಿಗೆ ಮಾತ್ರ ಅಪ್ಪಟ ಬಾಗಲಕೋಟೆಯದು. ಅಂಬಿಗರ ಬೆನ್ನಿಗೆ ಗಾಜಿನ ಬಟ್ಟಲು ಕವುಚಿ ನೋವು ಎಳೆಯುವುದರಲ್ಲಿ, ಮುದುಕಿಯರ ಮಂಡಿಗೆ ಸೂಜಿ ಚುಚ್ಚುವುದರಲ್ಲಿ ಆಕೆಯ ಹೆಸರು ದೊಡ್ಡದು. ನನಗೆ ಸೂಜಿ ಚುಚ್ಚಲಿಲ್ಲ. ಒಣಗಿಸಿದ ಮಾಚಿಪತ್ರೆಯನ್ನು ಅರಳೆಯಂತೆ ಕುಟ್ಟಿ ಕಾಗದದಲ್ಲಿ ಸುತ್ತಿದ, ದಪ್ಪ ಬೀಡಿಯಂಥ ಎರಡು ಸುರುಳಿ ತೆಗೆದಳು.

“ಇದನ್ನ ಹಚ್ಚಿ ಕಾಲಿನ ಕಿರುಬೆಳ್ಳಿನ ಹತ್ರ ಹಿಡೀಬೇಕು. ಮುಟ್ಟಸೂದಿಲ್ಲ, ಬರೇ ಕಾವು ಕೊಡೂದು. ಕೂಸು ಒಳಗ ತಿರುಗತೈತಿ ಅಂತಾರ ನಮ್ಮ ಹಿರ್ಯಾರು.”

“ಅಂತಾರ ಅಂದ್ರ? ತಿರುಗತೈತೋ ಇಲ್ಲೋ?” ಎಂದರು ನನ್ನ ಗಂಡ ಈರಸಂಗ.

“ಕೆಲವು ತಿರುಗತಾವ, ಕೆಲವು ತಿರುಗೂದಿಲ್ಲ. ನಿಮ್ಮ ಕೂಸಿನ ಸ್ವಭಾವ ನನಗೇನ ಗೊತ್ತರೀ?”

ಡಾಕ್ಟರನ್ನು ಕೇಳಿದೆವು. ಮಾಡಿಸಿಕೊಳ್ಳಿ, ಆದರೆ ತಪಾಸಣೆಗೆ ಬರುವುದನ್ನು ತಪ್ಪಿಸಬೇಡಿ ಎಂದರು. ಓಣಿಯ ಬೆಂಕಿ ಕಾವಲುಗಾರ ಮೆಹಬೂಬ ಮಾಮಾಗೆ ಮೊದಲೇ ತಿಳಿಸುವ ಕೆಲಸ ಈರಸಂಗರದಾಗಿತ್ತು. ಅವರು ತಿಳಿಸುವ ಬದಲು ಹೊಗೆಮೂಗಿಗೆ ಒದ್ದೆ ಟವೆಲ್ ಸುತ್ತಿ ನಿಶ್ಚಿಂತರಾದರು.

ಒಂದು ಕಾಲಿಗೆ ಸೂನಕ್ಕ, ಇನ್ನೊಂದಕ್ಕೆ ಈರಸಂಗ. ಸುಟ್ಟ ಹುಲ್ಲಿನಂಥ ಘಾಟು ಮನೆ ತುಂಬಿತು. ಕಾವು ಹಿತವಾಗಿತ್ತು. ಆದರೆ ಜನ್ಮದಲ್ಲಿ ಬೆಂಕಿ ಹಿಡಿಯದ ನನ್ನ ಗಂಡ ಕಣ್ಣು ಕಿರಿದು ಮಾಡಿ, ಉಸಿರು ಬಿಗಿಹಿಡಿದು, ಪಾದದ ಮೇಲೆ ಬಗ್ಗಿದ್ದರಿಂದ ಅವರ ಮೀಸೆ ನನ್ನ ಅಂಗಾಲಿಗೆ ತಾಗಿತು. ನನಗೆ ಕಚಗುಳಿ ವಿಪರೀತ. ಕಿಸಕ್ಕೆಂದೆ.

ಅಷ್ಟರಲ್ಲಿ ಟವೆಲ್ ಜಾರಿ ಬಿತ್ತು. ಹೊಗೆಮೂಗು ಕಿರುಚಿತು. ಮೆಹಬೂಬ ಮಾಮಾ ನೀರಿನ ಪೈಪ್ ಹಿಡಿದೇ ಒಳಗೆ ಹಾರಿದರು.

“ಎಲ್ಲೈತಿ ಬೆಂಕಿ? ಎಲ್ಲೈತಿ?”

ಈರಸಂಗ ಮುಖದಿಂದ ಮೊಣಕಾಲಿನತನಕ ತೊಯ್ದರು. ಸೂನಕ್ಕನ ಜಡೆಯಿಂದ ನೀರು ಸುರಿಯಿತು. ಆಮೇಲೆ ಮಾಮಾ ನನ್ನ ಕಾಲು ಕಂಡರು.

“ಏ ಈರಸಂಗ, ಬಸುರಿ ಹೆಣ್ಮಗಳ ಕಾಲಿಗೆ ಬೆಂಕಿ ಹಚ್ಚಾಕತ್ತೀಯಲ್ಲೋ! ತಲಿ ಕೆಟ್ಟೈತೇನ?”

ಕೆಂಡದ ಸುರುಳಿ ಹೋಗಿ ತೊಯ್ದ ಕಾಗದ ಉಳಿದಿತ್ತು. ನನ್ನ ಗಂಡ ಇನ್ನೂ ಅದನ್ನೇ ಕಿರುಬೆರಳಿಗೆ ಹಿಡಿದಿದ್ದರು. ತಿಂಗಳಿನಿಂದ ನಗದ ನಾನು ಪಕ್ಕೆ ಹಿಡಿದುಕೊಂಡು ನಕ್ಕೆ. ಕಣ್ಣಲ್ಲಿ ನೀರು ಬಂದರೂ ನಿಲ್ಲಲಿಲ್ಲ. ನಗುತ್ತಿರುವಾಗಲೇ ಹೊಟ್ಟೆಯೊಳಗೆ ತುಂಬಿದ ಚೀಲ ಉರುಳಿದಂತಾಯಿತು. “ಯವ್ವಾ!” ಎಂದು ಅತ್ತೆಯ ಕೈ ಹಿಡಿದೆ.

ಮರುದಿನ ಡಾಕ್ಟರು ನೋಡಿ ತಲೆ ಕೆಳಗಿದೆ ಎಂದರು. ಎಷ್ಟೋ ಕೂಸುಗಳು ತಾವಾಗಿಯೇ ತಿರುಗುತ್ತವೆ ಎಂಬುದು ಅವರ ಅಭಿಪ್ರಾಯ. ಮಾಮಾ ತಮ್ಮ ನೀರಿನಿಂದಲೇ ಎನ್ನುತ್ತಾರೆ. ಕೆಳಗೆ ಏನು ಗದ್ದಲ ಎಂದು ಮೊಮ್ಮಗಳು ಬಗ್ಗಿ ನೋಡಿದ್ದಾಳೆ ಎಂದು ಅತ್ತೆ. ಸೂನಕ್ಕ ಮಾತ್ರ ಯಾವ ವಾದಕ್ಕೂ ಬರಲಿಲ್ಲ. “ತಿರುಗಿತಲ್ಲ, ಸಾಕ್ರಿ” ಎಂದು ಎರಡು ಹೋಳಿಗೆ ತಿಂದು ಹೋದಳು.

ಮಗಳು ತಲೆ ಮುಂದಾಗಿಯೇ ಸುಸೂತ್ರವಾಗಿ ಹುಟ್ಟಿದಳು. ಈಗ ಮೂರು ವರ್ಷದವಳು. ತಲೆದಿಂಬಿನ ಮೇಲೆ ತಲೆಯಿಟ್ಟು ಮಲಗಿಸಿದರೆ, ಬೆಳಗಾಗುವಷ್ಟರಲ್ಲಿ ದಿಂಬಿನ ಮೇಲೆ ಅವಳ ಪಾದಗಳಿರುತ್ತವೆ, ಅವಳ ತಲೆ ಅವಳಪ್ಪನ ಹೊಟ್ಟೆಯ ಮೇಲೆ. ಇದಕ್ಕೇನಾದರೂ ಉಪಾಯವಿದೆಯೇ ಎಂದು ಸೂನಕ್ಕನನ್ನು ಕೇಳಿದೆ. ಅವರ ಹಿರಿಯರು ಈ ವಿಷಯವಾಗಿ ಏನೂ ಹೇಳಿಲ್ಲವಂತೆ. ನಿಮಗೆ ಗೊತ್ತಿದ್ದರೆ ದಯವಿಟ್ಟು ಎಲ್ಲಾದರೂ ಬರೆದಿಡಿ, ಹುಡುಕಿ ಓದುತ್ತೇವೆ.

ನಿಮ್ಮ ಮುಂದಿನವಳು,
ನೀಲಾಂಬಿಕೆ