ಎರಡು ಬೆರಳು ಉದ್ದದ ತೋಳು

ಅಪ್ಪಾ,

ನಾವು ಅರ್ಧಕ್ಕೇ ಬಿಟ್ಟಿದ್ದ ಆ ಹಳೆಯ ಪತ್ತೇದಾರಿ ಧಾರಾವಾಹಿಯ ಕಂತನ್ನು ಇವತ್ತು ಮಧ್ಯಾಹ್ನ ಮತ್ತೆ ಹಾಕಿದ್ದರು. ನಮ್ಮ ಅಂಗಡಿಯ ಟೀವಿಯಲ್ಲೇ ನೋಡಿದೆ. ಅವತ್ತು ನೀನು ಹೊಲಿಗೆ ಮೆಷಿನ್ನು ನಿಲ್ಲಿಸಿ, ಅದರಲ್ಲಿ ಕೋಟು ಹಾಕಿದ್ದ ಒಬ್ಬನನ್ನು ತೋರಿಸಿ, "ಆ ಕೋಟು ಅವನದ್ದಲ್ಲ ಕಣೋ, ತೋಳು ಎರಡು ಬೆರಳು ಉದ್ದ ಇದೆ. ಸತ್ತವನದ್ದು ಹಾಕ್ಕೊಂಡಿದಾನೆ, ಅವನೇ ಕೊಲೆಗಾರ" ಅಂದಿದ್ದೆ.

"ಮುಖ ನೋಡಪ್ಪಾ, ಬಟ್ಟೆ ಅಲ್ಲ" ಎಂದು ನಾನು ಗಿರಾಕಿಗಳ ಮುಂದೆ ನಕ್ಕೆ. ಅವರೂ ನಕ್ಕರು. ಅಷ್ಟರಲ್ಲಿ ಕರೆಂಟು ಹೋಯಿತು. ಆಮೇಲಿಂದ ನೀನು ಟೀವಿಗೆ ಬೆನ್ನು ಹಾಕಿಯೇ ಹೊಲಿಯುತ್ತಿದ್ದೆ.

ಕೊಂದವನು ಆ ಕೋಟಿನವನಲ್ಲ, ಡಾಕ್ಟರು, ಅಪ್ಪಾ. ಪತ್ತೇದಾರ ಆ ಕೋಟಿನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಮಾತ್ರ ಕೊನೆಯವರೆಗೂ ಅದನ್ನೇ ನೋಡಿದೆ. ತೋಳು ಎರಡು ಬೆರಳು ಉದ್ದವೇ ಇತ್ತು.

"ನಿಮ್ಮಪ್ಪ ಇದ್ದಿದ್ರೆ ಆ ಪತ್ತೇದಾರನಿಗೇ ಟೇಪು ಹಿಡಿದು ಬುದ್ಧಿ ಹೇಳ್ತಿದ್ರು" ಅಂದಳು ಅಮ್ಮ.

ಚಳಿಗೆ ನಿನ್ನ ಕೋಟು ಹಾಕಿಕೊಂಡಿದ್ದೇನೆ. ಬೆರಳೆಲ್ಲ ತೋಳೊಳಗೇ ಮುಚ್ಚಿಹೋಗುತ್ತವೆ. "ಹೊಲಿಯೋನ ಕೋಟೇ ಹೀಗಿದ್ರೆ ಗಿರಾಕಿಗಳು ನಗಲ್ವೇನೋ? ತೋಳು ಗಿಡ್ಡ ಮಾಡ್ಕೋ" ಎಂದು ಅಮ್ಮ ಬೈದಳು.

ನಗಲಿ ಬಿಡಮ್ಮಾ ಅಂದೆ. ನೋಡಿದವರಿಗೆ ಇದು ನನ್ನದಲ್ಲ ಅಂತ ಗೊತ್ತಾದರೆ ಸಾಕು.